ಅಲೋಕ್‌ಇನ್ಫೋ: ಒಂದು ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ

ನನ್ನ ಕೆಲಸ ಲಿನಕ್ಸ್ ಡ್ರೈವರ್ ಬರೆಯೋದು. ಮೆಮೊರಿ ಲೀಕ್ (ತಗೊಂಡ ಮೆಮೊರಿ ವಾಪಸ್ ಹೋಗದೆ ಉಳಿಯೋದು) ಹುಡುಕಿ ನಿದ್ದೆ ಕೆಡಿಸಿಕೊಂಡದ್ದು ಒಂದೆರಡು ಸಲವಲ್ಲ. 2024ರ ಜುಲೈನಲ್ಲಿ ಬಂದ ಕರ್ನಲ್ (ಲಿನಕ್ಸ್‌ನ ತಿರುಳು) 6.10ರಲ್ಲಿ, ಯಾರು ಎಷ್ಟು ಮೆಮೊರಿ ತಗೊಂಡರು ಅಂತ ಲೆಕ್ಕ ಇಡುವ ಮೆಮೊರಿ ಅಲೊಕೇಶನ್ ಪ್ರೊಫೈಲಿಂಗ್ ಸೇರಿತು. ಆ ಲೆಕ್ಕ ತೋರಿಸುವ ಫೈಲೇ ಅಲೋಕ್‌ಇನ್ಫೋ. ಆಮೇಲೆ ನನ್ನ ಟೆಸ್ಟ್ ಮೆಷಿನ್‌ಗಳಲ್ಲಿ ಅದು ಸದಾ ಆನ್.

ಹಿಡಿಸಿದ್ದು ಯಾಕೆ ಅಂದರೆ, ನನ್ನದೇ ಒಂದು ತಪ್ಪಿನಿಂದ. ಡ್ರೈವರ್ ಎರಡು ದಿನ ಓಡಿದರೆ ಕೆಮ್ಯಾಲಕ್-96 ಕ್ಯಾಶ್ (ಕರ್ನಲ್ 96 ಬೈಟ್‌ನ ತುಂಡುಗಳನ್ನು ಹಂಚುವ ಸಂಗ್ರಹ) ಉಬ್ಬುತ್ತಿತ್ತು. ಕರ್ನಲ್‌ನ ಎಲ್ಲ ಭಾಗಗಳೂ ಅದರಿಂದಲೇ ಮೆಮೊರಿ ತಗೊಳ್ಳುತ್ತವೆ, ಯಾರನ್ನು ಹಿಡಿಯೋದು? ರಾತ್ರಿಯಿಡೀ ಎಫ್‌ಟ್ರೇಸ್ (ಕರ್ನಲ್‌ನಲ್ಲಿ ನಡೆಯೋದನ್ನು ದಾಖಲಿಸುವ ಸಾಧನ) ಹಾಕಿದೆ. ಅದರ ರಿಂಗ್ ಬಫರ್ ತುಂಬಿ ಹಳೆಯ ಈವೆಂಟ್‌ಗಳು ಅಳಿಸಿಹೋದವು. ಬೆಳಿಗ್ಗೆ ಉಳಿದದ್ದು ಜೋಡಿ ತಪ್ಪಿದ ಕೆಫ್ರೀಗಳು, ಅಂದರೆ ಮೆಮೊರಿ ವಾಪಸ್ ಕೊಟ್ಟ ಕರೆಗಳು. ಲೀಕ್ ಹುಡುಕುವ ಕೆಮೆಮ್‌ಲೀಕ್ ಬಾಯಿಯೇ ಬಿಡಲಿಲ್ಲ. ಬಿಡೋದಾದರೂ ಹೇಗೆ? ಎರರ್ ಬಂದಾಗ ಲಿಸ್ಟ್‌ನಿಂದ ತೆಗೆಯೋದನ್ನೇ ನಾನು ಮರೆತಿದ್ದೆ. ಆ ಮೆಮೊರಿಯ ವಿಳಾಸ ಹಿಡಿದ ಪಾಯಿಂಟರ್ ಇನ್ನೂ ಇದೆ, ಅಂದಮೇಲೆ ಅದರ ಕಣ್ಣಿಗೆ ಅದು ಲೀಕ್ ಅಲ್ಲ.

ಅಲೋಕ್‌ಇನ್ಫೋ ಈವೆಂಟ್‌ಗಳ ಹಿಂದೆ ಓಡೋದಿಲ್ಲ. ಸೋರ್ಸ್‌ನಲ್ಲಿ ಮೆಮೊರಿ ಕೇಳುವ ಒಂದೊಂದು ಸಾಲಿಗೂ ಒಂದು ಕೌಂಟರ್. ಯಾವ ಫಂಕ್ಷನ್ ಫ್ರೀ ಮಾಡಿದರೂ ಕಳೆಯೋದು ಕೇಳಿದ ಸಾಲಿನ ಲೆಕ್ಕದಿಂದಲೇ. ಪ್ರಾಕ್ (/proc) ಒಳಗಿನ ಆ ಫೈಲನ್ನು ಗಂಟೆಗೊಮ್ಮೆ ಉಳಿಸಿ ಡಿಫ್ ಮಾಡಿದೆ, ಅಂದರೆ ಹಿಂದಿನದಕ್ಕೆ ಹೋಲಿಸಿದೆ. ಒಂದೇ ಸಾಲು ಬೆಳೆಯುತ್ತಲೇ ಇತ್ತು. ಕಾಫಿ ಆರೋದರೊಳಗೆ ಫಿಕ್ಸ್ ಆಯಿತು.

ಆದರೆ ನಂಬರ್ ಓದೋಕೆ ಸ್ವಲ್ಪ ಪಳಗಬೇಕು. 72 ಬೈಟ್ ಕೇಳಿದರೆ 96 ಅಂತ ತೋರಿಸುತ್ತೆ. ನಿಜಕ್ಕೂ ಖರ್ಚಾಗೋದು ಅಷ್ಟೇ, ಸರಿಯಾಗೇ ಇದೆ. ಎಲ್ಲ ಸಾಲು ಕೂಡಿಸಿ ಒಟ್ಟು ತೆಗೆಯೋಕೆ ಮಾತ್ರ ಹೋಗಬೇಡಿ. ಸ್ಲ್ಯಾಬ್‌ಗೆ (ಸಣ್ಣ ತುಂಡುಗಳನ್ನು ಹಂಚುವ ಭಾಗ) ತಂದ ಪೇಜ್‌ಗಳು (ಮೆಮೊರಿಯ ದೊಡ್ಡ ತುಂಡುಗಳು) ಅಲೋಕ್_ಸ್ಲ್ಯಾಬ್_ಪೇಜ್ ಸಾಲಿನಲ್ಲಿ ಒಮ್ಮೆ, ಅವುಗಳೊಳಗಿನ ಆಬ್ಜೆಕ್ಟ್‌ಗಳು ತಮ್ಮ ಸಾಲುಗಳಲ್ಲಿ ಇನ್ನೊಮ್ಮೆ ಎಣಿಕೆಯಾಗುತ್ತವೆ. ನಾನು ಮೊದಲ ವಾರ ಹೀಗೇ ಎಡವಿದ್ದೆ. ಪಟ್ಟಿಯ ತುದಿಯಲ್ಲಿ ಅಲೋಕ್_ಪೇಜ್_ಎಕ್ಸ್ಟ್ ಕಂಡರೆ ಗಾಬರಿ ಬೇಡ, ಅದು ಈ ಲೆಕ್ಕ ಇಡೋಕೇ ಬೇಕಾದ ಜಾಗ. ಲೆಕ್ಕದವನ ಸಂಬಳ ಅನ್ನಿ. 6.13ರಲ್ಲಿ ಬಂದ ಕಂಪ್ರೆಸ್ಡ್ ಆಯ್ಕೆ ಆ ಜಾಗವನ್ನು ಮಿಗಿಸುತ್ತೆ.

ನನ್ನ ದೊಡ್ಡ ದೂರು ಒಂದೇ: ಸ್ಟ್ಯಾಕ್ ಟ್ರೇಸ್ (ಯಾರು ಯಾರನ್ನು ಕರೆದರು ಅನ್ನೋ ಸರಪಳಿ) ಇಲ್ಲ. ಡ್ರೈವರ್‌ನಲ್ಲಿ ಮೆಮೊರಿ ಕೇಳೋಕೆ ನಾನೊಂದು ಸಣ್ಣ ಹೆಲ್ಪರ್ ಫಂಕ್ಷನ್ ಬರೆದುಕೊಂಡಿದ್ದೆ, ಎಲ್ಲರ ಪಾಪವೂ ಅದರ ತಲೆಗೇ ಬಂತು. ಅಲೋಕ್_ಹುಕ್ಸ್ ಮ್ಯಾಕ್ರೋದಲ್ಲಿ ಸುತ್ತಿದ ಮೇಲೆ ಕರೆದವರ ಹೆಸರಿಗೆ ಲೆಕ್ಕ ಹೋಯಿತು. ಪೂರ್ತಿ ದಾರಿ ಬೇಕೆಂದರೆ ಈಗಲೂ ಕರ್ನಲ್‌ನ ಇನ್ನೊಂದು ಸಾಧನ ಪೇಜ್_ಓನರ್ ಹಾಕುತ್ತೇನೆ. ಅದು ಭಾರ, ಮತ್ತು ಪೇಜ್ ಮಟ್ಟಕ್ಕಷ್ಟೇ ಸಿಗುತ್ತೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹಾಕೋದಾದರೆ ಬೂಟ್ ಹೊತ್ತಿಗೇ ಆನ್ ಮಾಡಿ. ಮಧ್ಯದಲ್ಲಿ ಆಫ್ ಮಾಡಿದರೆ ಆ ಹೊತ್ತಿನಲ್ಲಿ ತಗೊಂಡ ಮೆಮೊರಿ ಲೆಕ್ಕಕ್ಕೇ ಬರೋದಿಲ್ಲ. ಸ್ಪೀಡ್ ನೋಡೋಣ ಅಂತ ಸುಮ್ನೆ ಅರ್ಧ ಗಂಟೆ ಆಫ್ ಮಾಡಿ, ಆ ದಿನದ ಡಿಫ್ ಎಲ್ಲ ಎಸೆಯಬೇಕಾಯಿತು.