ನೂರು ಗುಂಡಿಗೆ ಯಾವ ಕಣ? ಚಿತ್ರದುರ್ಗದ ಹತ್ತಿರ ಪೇಂಟ್‌ಬಾಲ್ ಆಡಿ ಕಂಡದ್ದು

ಪೇಂಟ್‌ಬಾಲ್ ಎಂದರೆ ಬಣ್ಣ ತುಂಬಿದ ಗುಂಡನ್ನು ಗನ್ನಿನಿಂದ ಹೊಡೆದು ಎದುರು ತಂಡದವರನ್ನು ಔಟ್ ಮಾಡುವ ಆಟ. ಕೌಂಟರಿನಲ್ಲಿ ತಲಾ 100 ಗುಂಡು ಕೊಟ್ಟು "ಯಾವ ಕಣ ಬೇಕು?" ಎಂದು ಕೇಳಿದರು. ನಾವು ಎಂಟೂ ಜನ ಒಟ್ಟಿಗೆ "ಕೋಟೆ" ಎಂದೆವು. ದುರ್ಗದ ಪಕ್ಕದಲ್ಲಿ ನಿಂತು ಬೇರೇನು ಹೇಳೋದು, ಅಲ್ವಾ? ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು ಹೊರಟರೆ ಹೆದ್ದಾರಿಯಲ್ಲಿ ಸುಮಾರು ಒಂದು ಗಂಟೆ ದಾರಿ. ಹೀಗೆ ಎರಡು ಸಲ ಹೋಗಿದ್ದೇವೆ, ಒಮ್ಮೆ ಮಾರ್ಚ್ ಬಿಸಿಲಲ್ಲಿ, ಇನ್ನೊಮ್ಮೆ ಆಷಾಢದ ಗಾಳಿಯಲ್ಲಿ. ಅಲ್ಲಿದ್ದ ನಾಲ್ಕೂ ಕಣ ಆಡಿ ನೋಡಿದ ಮೇಲೆ ಹೇಳುತ್ತಿದ್ದೇನೆ: ಮೊದಲ ಆಟಕ್ಕೆ ಕೋಟೆ ಬೇಡ.

ಕೋಟೆ ನೋಡೋಕೆ ಭಾಳ ಚೆನ್ನಾಗಿದೆ. ಪ್ಲೈವುಡ್ ಗೋಡೆ, ಮಣ್ಣು ತುಂಬಿದ ಚೀಲಗಳು, ಎರಡು ಬುರುಜು, ಹಿಂದಿನ ಗೋಡೆಯಲ್ಲಿ ಬಗ್ಗಿ ನುಗ್ಗುವಷ್ಟು ಒಂದು ಕಿಂಡಿ. ನಾಲ್ವರು ಒಳಗೆ, ನಾಲ್ವರು ಹೊರಗೆ. ಮೊದಲ ಆಟದಲ್ಲಿ ನಾನು ಹೊರಗಿನವರ ಕಡೆ. ಬುರುಜಿನ ಮೇಲಿದ್ದವರಿಗೆ ನಾವು ಎಲ್ಲಿ ಅಡಗಿದರೂ ಕಾಣುತ್ತಿದ್ದೆವು. ಎರಡೇ ನಿಮಿಷದಲ್ಲಿ ಮೂವರು ಔಟ್. ಉಳಿದ ನಾನೊಬ್ಬ ಚೀಲದ ಹಿಂದೆ ಮಲಗಿ ಸುಮ್ನೆ ಗುಂಡು ಖರ್ಚು ಮಾಡಿದೆ. ಕೋಟೆಗೆ ಮುತ್ತಿಗೆ ಹಾಕುವವರು ಒಳಗಿನವರ ಹೆಚ್ಚುಕಡಿಮೆ ಎರಡರಷ್ಟು ಇರಬೇಕು. ಎಂಟು ಜನ ಸಮ ಪಾಲಾಗಿ ಆಡಿದರೆ ಹೊರಗಿನವರಿಗೆ ಆಟವೇ ಸಿಗುವುದಿಲ್ಲ.

ಎರಡನೇ ಆಟದಲ್ಲಿ ತಂಡ ಬದಲಾಯಿತು. ನನ್ನ ಅಕ್ಕನ ಮಗಳು ಕಿಂಡಿ ಕಾಯಲು ಕೂತಳು. ಹತ್ತು ಅಡಿಗಿಂತ ಹತ್ತಿರ ಇರುವವರಿಗೆ ಹೊಡೆಯುವಂತಿಲ್ಲ, "ಸರೆಂಡರ್" ಎನ್ನಬೇಕು. ಇದು ಅಲ್ಲಿನ ನಿಯಮ, ಒಳ್ಳೆಯ ನಿಯಮ. ಗುಂಡು ಸೆಕೆಂಡಿಗೆ 280 ಅಡಿ ವೇಗದಲ್ಲಿ ಬರುತ್ತದೆ. ಅಷ್ಟು ಹತ್ತಿರದಿಂದ ಬಿದ್ದರೆ ಚರ್ಮ ಕೆಂಪಾಗಿ ಬಾತುಕೊಳ್ಳುತ್ತದೆ. ನನ್ನ ತಮ್ಮ ಕಿಂಡಿಯಲ್ಲಿ ತಲೆ ತೂರಿಸಿದ. ಕೈ ಇನ್ನೂ ಹೊರಗೇ ಇತ್ತು, ಗನ್ ಎತ್ತಲು ಜಾಗವೇ ಇಲ್ಲ. ಅವಳು "ಶರಣಾಗು" ಎಂದಳು. ಅವನ ಹಿಂದೆ ಬಂದವನಿಗೂ ಅದೇ ಮಾತು. ಒಂದೂ ಗುಂಡು ಖರ್ಚಾಗದೆ ಇಬ್ಬರು ಔಟ್. ಓಬವ್ವನ ಕಿಂಡಿಯನ್ನು ಶಾಲೆಯ ಪ್ರವಾಸದಲ್ಲಿ ನೋಡಿದ್ದೆ. ಹೈದರಾಲಿಯ ಸೈನಿಕರು ಅದರಲ್ಲಿ ಒಬ್ಬೊಬ್ಬರಾಗಿ ನುಸುಳಿದ ಕಥೆ ಬಾಯಿಪಾಠ ಇತ್ತು. ಬಗ್ಗಿ ನುಗ್ಗುವವನ ಕೈ ಎಷ್ಟು ಕಟ್ಟಿಹೋಗುತ್ತದೆ ಎಂಬುದು ಮಾತ್ರ ಅವತ್ತೇ ಗೊತ್ತಾಯಿತು. ಆ ಒಂದು ಕ್ಷಣಕ್ಕಾಗಿ ಕೋಟೆಗೆ ನಾನು ಮತ್ತೆ ಹೋಗುತ್ತೇನೆ. ಆದರೆ ಹನ್ನೆರಡು ಜನ ಸೇರಿದಾಗ ಮಾತ್ರ.

ಹೊಸಬರಿಗೆ ನಾನು ಹೇಳೋದು ಡ್ರಮ್ಮಿನ ಊರು. ಎಣ್ಣೆ ಡ್ರಮ್ಮುಗಳು, ಲಾರಿ ಟೈರಿನ ಗುಡ್ಡೆಗಳು, ತಟ್ಟಿ ಕಟ್ಟಿದ ನಾಲ್ಕು ಗುಡಿಸಲು. ಐದು ಹೆಜ್ಜೆಗೊಂದು ಮರೆ ಸಿಗುತ್ತದೆ. ಅದಕ್ಕೇ ಹೆದರಿಕೆ ಬೇಗ ಬಿಡುತ್ತದೆ, ಕಾಲು ತಾನಾಗಿ ಓಡುತ್ತದೆ. ಡ್ರಮ್ಮಿಗೆ ಗುಂಡು ಬಿದ್ದರೆ "ಠಣ್" ಎನ್ನುತ್ತದೆ, ಎದುರಾಳಿ ಯಾವ ಕಡೆ ಗುರಿ ಇಟ್ಟಿದ್ದಾನೆ ಎಂದು ಕಿವಿಗೇ ಗೊತ್ತಾಗುತ್ತದೆ. ಟೈರಿಗೆ ಬಿದ್ದ ಗುಂಡು ಕೆಲವೊಮ್ಮೆ ಒಡೆಯದೆ ಪುಟಿದು ಬರುತ್ತದೆ. ನಮ್ಮ ಗೆಳೆಯನೊಬ್ಬನಿಗೆ ಹಾಗೆ ಬೆನ್ನಿಗೆ ತಾಗಿತು. ಅವನು ಕೈ ಎತ್ತಿ ಹೊರಟೇಬಿಟ್ಟ. ರೆಫರಿ ಅಂಗಿ ನೋಡಿ, ಬಣ್ಣ ಇಲ್ಲ, ಆಡು ಎಂದರು. ಒಡೆದರೆ ಮಾತ್ರ ಔಟ್, ಇದು ಎಲ್ಲ ಕಣಕ್ಕೂ ಒಂದೇ. ಇಲ್ಲಿ ನನ್ನ 100 ಗುಂಡು ಹದಿನೈದು ನಿಮಿಷದ ಎರಡು ಆಟಕ್ಕೆ ಸಾಕಾಯಿತು. ಎಂಟು ಜನರಲ್ಲಿ ಯಾರೂ ಸುಮ್ಮನೆ ಕೂರಲಿಲ್ಲ. ಕೊಟ್ಟ ದುಡ್ಡಿಗೆ ಜಾಸ್ತಿ ಆಟ ಸಿಕ್ಕಿದ್ದು ಇಲ್ಲೇ.

ಗಾಳಿ ತುಂಬಿದ ಬಂಕರ್‌ಗಳ, ಅಂದರೆ ಅಡಗಲು ಇಟ್ಟ ಮರೆಗಳ, ಸ್ಪೀಡ್‌ಬಾಲ್ ಕಣ ಪಳಗಿದವರಿಗೆ. ಚಪ್ಪಟೆ ನೆಲ, ಎರಡೂ ಕಡೆ ಕನ್ನಡಿ ಹಿಡಿದಂತೆ ಒಂದೇ ರೀತಿ. ನಾಲ್ಕು ನಿಮಿಷಕ್ಕೆ ನನ್ನ ಗುಂಡು ಮುಗಿಯಿತು. ಆಷಾಢದಲ್ಲಂತೂ ಬಂಕರ್‌ಗಳೇ ಹಗ್ಗ ಜಗ್ಗುತ್ತಿದ್ದವು. ಗುಂಡಿನ ತೂಕ ಸುಮಾರು 3 ಗ್ರಾಂ. ಎದೆಗೆ ಗುರಿ ಇಟ್ಟರೆ ಪಕ್ಕದಲ್ಲಿ ಹಾರಿ ಹೋಗುತ್ತಿತ್ತು. ದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದರೆ ಅವತ್ತು ಈ ಕಣ ಬಿಟ್ಟುಬಿಡಿ.

ಅಂಥ ದಿನಕ್ಕೆ ಜಾಲಿ ತೋಪು ಸರಿ. ಮರದ ಸದ್ದಿನಲ್ಲಿ ನಮ್ಮ ಹೆಜ್ಜೆ ಸದ್ದು ಮುಚ್ಚಿಹೋಗುತ್ತದೆ. ಈ ಆಟ ಹುಟ್ಟಿದ್ದೂ ಕಾಡಿನಲ್ಲೇ. 1981ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹನ್ನೆರಡು ಜನ ಮೊದಲ ಸಲ ಆಡಿದರು. ಅವರ ಕೈಯಲ್ಲಿದ್ದದ್ದು ಮರಕ್ಕೆ, ದನಕ್ಕೆ ಗುರುತು ಹಾಕುವ ಬಣ್ಣದ ಗನ್. ತೋಪಿನಲ್ಲಿ ಇಪ್ಪತ್ತು ನಿಮಿಷಕ್ಕೆ ನನಗೆ ಖರ್ಚಾದದ್ದು 35 ಗುಂಡು. ಅದರಲ್ಲೂ ಅರ್ಧ ಕಡ್ಡಿಗೆ ತಾಗಿ ನಡುವೆಯೇ ಒಡೆದವು. ಕಾಯುವ ತಾಳ್ಮೆ ಇದ್ದವರಿಗೆ ಇದರಷ್ಟು ಹಿಡಿಸುವ ಕಣ ಇನ್ನೊಂದಿಲ್ಲ. ನನಗೆ ಕೋಟೆಗಿಂತಲೂ ಇದೇ ಮೆಚ್ಚುಗೆ. ದಪ್ಪ ಅಟ್ಟೆಯ ಬೂಟು ಮಾತ್ರ ಬೇಕೇ ಬೇಕು. ಜಾಲಿ ಮುಳ್ಳು ನನ್ನ ಕ್ಯಾನ್ವಾಸ್ ಶೂ ದಾಟಿ ಹಿಮ್ಮಡಿಗೆ ಬಂತು.

ಯಾವ ಕಣವೇ ಆಗಲಿ, ಮಾಸ್ಕ್ ವಿಷಯದಲ್ಲಿ ದಯವಿಟ್ಟು ಸಡಿಲ ಬಿಡಬೇಡಿ. ಮೊದಲ ಸಲ ನಮಗೆ ಸಿಕ್ಕ ಮಾಸ್ಕ್‌ಗಳು ಹಳೆಯವು. ಕೋಟೆಯೊಳಗೆ ಗಾಳಿ ಆಡದೆ ಗಾಜು ಮಂಜಾಯಿತು. ಒಬ್ಬ ಒರೆಸಿಕೊಳ್ಳಲು ಆಟದ ನಡುವೆಯೇ ಮಾಸ್ಕ್ ಎತ್ತಿದ. ನಾನು ಕಿರುಚಿದೆ, ರೆಫರಿ ಸೀಟಿ ಊದಿದರು, ಎಲ್ಲರೂ ನಿಲ್ಲಿಸಿದೆವು. ಆ ಗುಂಡು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಗಲಾಟೆ ಮಾಡಿ ಬೇರೆ ಮಾಸ್ಕ್ ತರಿಸಿಕೊಂಡೆವು. ಕಾಣದಿದ್ದರೆ ಕೈ ಎತ್ತಿ ಕಣದಿಂದ ಹೊರಗೆ ಬನ್ನಿ, ಆಮೇಲೆ ಒರೆಸಿ. ಇನ್ನೊಂದು ಮಾತು. ಗುಂಡಿನ ಸಿಪ್ಪೆ ಮಾತ್ರೆ ಕ್ಯಾಪ್ಸೂಲಿನಂತೆ ಜೆಲಟಿನ್‌ನದು. ಮಾರ್ಚ್‌ನಲ್ಲಿ ಚೀಲವನ್ನು ಬೈಕಿನ ಮೇಲೆ ಬಿಸಿಲಿಗೆ ಬಿಟ್ಟಿದ್ದೆ, ಮೆತ್ತಗಾಗಿ ಗನ್ನಿನ ನಳಿಗೆಯಲ್ಲೇ ಒಡೆದವು. ನೆರಳಲ್ಲಿಡಿ.

ಮುಂದಿನ ಸಲಕ್ಕೆ ಆಗಲೇ ಹದಿನಾಲ್ಕು ಜನ ಆಗಿದ್ದೇವೆ. ಮೊದಲು ಡ್ರಮ್ಮಿನ ಊರಲ್ಲಿ ಎರಡು ಆಟ, ಊಟ ಆದ ಮೇಲೆ ಕೋಟೆ, ಒಳಗೆ ಐವರು, ಹೊರಗೆ ಒಂಬತ್ತು. ಕಿಂಡಿ ಕಾಯೋದು ಅಕ್ಕನ ಮಗಳೇ.