ಶೆಟ್ಟಿಹಳ್ಳಿ ಚರ್ಚ್: ಡ್ಯಾಂ ಮಟ್ಟ ನೋಡ್ಕೊಂಡು ಹೊರಡಿ

ಹಾಸನಕ್ಕೆ ಬಂದವರು ಬೇಲೂರು, ಹಳೇಬೀಡು ಮುಗಿಸಿ ವಾಪಸ್ ಹೋಗಿಬಿಡುತ್ತಾರೆ. ಇನ್ನೊಂದು ದಿನ ಕೈಯಲ್ಲಿದ್ದರೆ ಶೆಟ್ಟಿಹಳ್ಳಿ ಕಡೆ ಗಾಡಿ ತಿರುಗಿಸಿ. ಹಾಸನದಿಂದ ಸುಮಾರು 20 ಕಿ.ಮೀ., ಗೊರೂರು ಹಿನ್ನೀರಿನ ದಡದಲ್ಲಿ. 1860ರ ಆಸುಪಾಸಿನಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚ್ ಇದು. ಹೇಮಾವತಿ ನದಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗ ಊರು ಮುಳುಗಡೆಯಾಯಿತು, ಜನ ಬೇರೆ ಕಡೆ ಹೋದರು, ಚರ್ಚ್ ಮಾತ್ರ ಅಲ್ಲೇ ಉಳಿಯಿತು.

ಅಲ್ಲಿ ಏನು ಕಾಣುತ್ತೆ ಅನ್ನೋದು ಪೂರ್ತಿ ನೀರಿನ ಮೇಲೆ ನಿಂತಿದೆ. ಅರ್ಧ ಮುಳುಗಿದ ಫೋಟೋ ಮೊಬೈಲಲ್ಲಿ ನೋಡಿ ಏಪ್ರಿಲ್‌ನಲ್ಲಿ ಬಂದರೆ ಸಿಗೋದು ಒಣಗಿ ಬಿರಿದ ಕೆಸರು, ಹುಲ್ಲು, ಮೇಯುವ ದನ. ಪೇಪರ್‌ನಲ್ಲಿ ದಿನಾ ಜಲಾಶಯಗಳ ಮಟ್ಟ ಹಾಕ್ತಾರಲ್ವಾ, ಅದರಲ್ಲಿ ಹೇಮಾವತಿ ಸಾಲು ನೋಡಿ. ಭರ್ತಿ ಮಟ್ಟ 2922 ಅಡಿ. ಅದರ ಹತ್ತಿರ ಇದ್ದರೆ ಚರ್ಚ್ ನೀರೊಳಗೆ, ದಡದಿಂದಲೇ ನೋಡಬೇಕು. ಚೆನ್ನಾಗಿ ಇಳಿದಿದ್ದರೆ ಒಳಗೆ ಓಡಾಡಬಹುದು.

ನನ್ನ ವೋಟು ಬೇಸಿಗೆಗೆ. ಮುಳುಗಿದಾಗ ಫೋಟೋ ಚೆನ್ನಾಗಿ ಬರುತ್ತೆ ನಿಜ, ಆದರೆ ಕಟ್ಟಡ ಅಂತ ನೋಡೋಕೆ ಸಿಗೋದು ನೀರು ಇಳಿದಾಗಲೇ. ಚಾವಣಿ ಇಲ್ಲ, ತಲೆ ಎತ್ತಿದರೆ ನೇರ ಆಕಾಶ. ಎರಡೂ ಬದಿಯಲ್ಲಿ ಚೂಪು ತುದಿಯ ಕಮಾನುಗಳು ಸಾಲಾಗಿ ನಿಂತಿವೆ. ಗಾರೆ ಉದುರಿದ ಕಡೆ ಇಟ್ಟಿಗೆ ಹೊರಗೆ ಕಾಣುತ್ತೆ, ಮುಟ್ಟಿದರೆ ಕೈಗೆ ಕೆಂಪು ಪುಡಿ ಹತ್ತುತ್ತೆ. ಗಾರೆಗೆ ಬೆಲ್ಲ, ಮೊಟ್ಟೆ ಸೇರಿಸಿದ್ದರು ಅಂತ ಸುತ್ತಮುತ್ತಲಿನವರು ಹೇಳುತ್ತಾರೆ. ಅದು ಏನೇ ಇರಲಿ, ವರ್ಷಾ ವರ್ಷಾ ನೆನೆದು ಒಣಗಿ ಇಷ್ಟು ನಿಂತಿರೋದೇ ದೊಡ್ಡದು. ಈಗೀಗ ಅಲ್ಲಲ್ಲಿ ಕುಸಿದಿದೆ ಕೂಡ, ಹಾಗಾಗಿ ಗೋಡೆ ಹತ್ತೋದು, ಕಮಾನಿನ ಕೆಳಗೆ ಕೂತು ಟಿಫಿನ್ ಬಿಚ್ಚೋದು ಬೇಡ.

ಬೇಜಾರಾಗೋದು ನಮ್ಮ ಜನರಿಂದ. ಕೈಗೆಟುಕುವಷ್ಟು ಎತ್ತರದವರೆಗೂ ಗೋಡೆ ತುಂಬಾ ಕೆತ್ತಿದ ಹೆಸರುಗಳು, ಮಧ್ಯೆ ಬಾಣ ಬಿಟ್ಟ ಹಾರ್ಟು. ಮೂಲೆಯಲ್ಲಿ ಬಾಟಲಿ ಚೂರು, ಚಪ್ಪಲಿ ಬಿಚ್ಚಬೇಡಿ. ಭಾನುವಾರ ಹೋದರೆ ಮದುವೆ ಮುಂಚಿನ ಫೋಟೋ ಶೂಟ್‌ನವರು ಉದ್ದ ಗೌನು ಎಳೆದುಕೊಂಡು ಅಡ್ಡ ನಿಂತಿರುತ್ತಾರೆ, ಅವರ ಡ್ರೋನ್ ಸದ್ದು ಬೇರೆ. ವಾರದ ದಿನ, ಬೆಳಗ್ಗೆ ಬೇಗ ಹೋಗೋದೇ ಸರಿ.

ಬಸ್ ನಂಬಿಕೊಂಡರೆ ಕಾಯೋದೇ ಜಾಸ್ತಿ, ಸ್ವಂತ ಗಾಡಿ ಇದ್ದರೆ ಒಳ್ಳೇದು. ನಾವು ಬಾಡಿಗೆ ಕಾರು ಮಾಡಿದ್ವಿ. ಹೊರಡುವಾಗ ಒಂದು ರೇಟು, ವಾಪಸ್ ಬಂದ ಮೇಲೆ ವೇಯ್ಟಿಂಗ್ ಅಂತ ಇನ್ನೊಂದು. ವೇಯ್ಟಿಂಗ್ ಸೇರಿಸಿ ಎಷ್ಟು ಅಂತ ಮೊದಲೇ ಕೇಳಿ, ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಡ್ರೈವರ್ ಮಾತ್ರ ತುಂಬಾ ಒಳ್ಳೆಯವರು, ಬರುವಾಗ ಗೊರೂರು ಡ್ಯಾಂ ಹತ್ತಿರವೂ ನಿಲ್ಲಿಸಿದರು.

ಪೂಜೆ ನಡೆಯುವ, ಬೆಂಚು, ಗಂಟೆ ಇರುವ ಚರ್ಚೇ ನೋಡಬೇಕು ಅಂದರೆ ಚಿಕ್ಕಮಗಳೂರಿನ ಸಂತ ಜೋಸೆಫರ ಪ್ರಧಾನಾಲಯಕ್ಕೆ (ಬಿಷಪ್‌ರ ಮುಖ್ಯ ಚರ್ಚ್) ಹೋಗಿ. 1963ರಲ್ಲಿ ಆದ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ, ಅಂದರೆ ಅಲ್ಲಿನ ಬಿಷಪ್‌ರ ವ್ಯಾಪ್ತಿಗೆ, ನಮ್ಮ ಹಾಸನ ಜಿಲ್ಲೆಯೂ ಸೇರುತ್ತೆ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ, ಅರ್ಧ ದಿನ ರಸ್ತೆಯಲ್ಲೇ ಹೋಗುತ್ತೆ.

ಶೆಟ್ಟಿಹಳ್ಳಿಗೆ ಹೊರಡೋ ಮುಂಚೆ ಹಾಸನದಲ್ಲೇ ತಿಂಡಿ ಮುಗಿಸಿ, ನೀರಿನ ಬಾಟಲಿ, ಟೋಪಿ ಇಟ್ಟುಕೊಳ್ಳಿ. ಚರ್ಚ್ ಹತ್ತಿರ ನೆರಳು ಅನ್ನೋದು ಆ ಗೋಡೆಗಳದ್ದು ಮಾತ್ರ, ಮಧ್ಯಾಹ್ನಕ್ಕೆ ಅದೂ ಇರಲ್ಲ.