ಲಾಸ್ಟ್, ಆರೂ ಸೀಸನ್ ನೋಡಿದ ಮೇಲೆ: ವೀಕ್ಷಕರ ದೂರಿನಿಂದ ಸುಧಾರಿಸಿದ್ದೇನು?

ವಿಮಾನ ಅಪಘಾತದಲ್ಲಿ ಬದುಕುಳಿದು ದ್ವೀಪವೊಂದರಲ್ಲಿ ಸಿಲುಕಿದವರ ಕಥೆ ಹೇಳುವ ಅಮೆರಿಕದ ಧಾರಾವಾಹಿ ‘ಲಾಸ್ಟ್’. ಅದರ ಮೂರನೇ ಸೀಸನ್ ಶುರುವಾದಾಗ ಬೇಸತ್ತು ಕೈಬಿಟ್ಟವರಿಗೆ ಈ ವಿಮರ್ಶೆ. ಕಥೆ ಮೊದಲೇ ತಿಳಿಯಬಾರದು ಎನ್ನುವವರು ಇಲ್ಲಿಗೇ ನಿಲ್ಲಿಸಿ.

ವಿಮಾನ ಬಿದ್ದು ಬದುಕುಳಿದವರು ನಲವತ್ತಕ್ಕೂ ಹೆಚ್ಚು ಮಂದಿ, ಕಥೆ ಮಾತ್ರ ಕೆಲವರ ಸುತ್ತಲೇ. ಉಳಿದವರು ಏನು ಮಾಡ್ತಿದ್ದಾರೆ ಎಂದು ವೀಕ್ಷಕರು ಕೇಳುತ್ತಲೇ ಇದ್ದರು. ಅದಕ್ಕೆ ಉತ್ತರವಾಗಿ 2006ರಲ್ಲಿ, ಮೂರನೇ ಸೀಸನ್ನಿನಲ್ಲಿ, ನಿಕ್ಕಿ, ಪೌಲೋ ಎಂಬ ಜೋಡಿ ಬಂತು. ಮೊದಲಿನಿಂದಲೂ ಅಲ್ಲೇ ಇದ್ದವರ ಹಾಗೆ ಅವರು ಮಾತಾಡತೊಡಗಿದ್ದೇ ತಡ, ವೀಕ್ಷಕರು ಸಿಡಿದೆದ್ದರು. 14ನೇ ಕಂತಿನಲ್ಲಿ ಇಬ್ಬರನ್ನೂ ಮುಗಿಸಿಬಿಟ್ಟರು. ಜೇಡ ಕಚ್ಚಿ ಮೈ ಮರಗಟ್ಟಿದವರನ್ನು ಸತ್ತರೆಂದೇ ತಿಳಿದು ಹೂಳುತ್ತಾರೆ. ಮುಖದ ಮೇಲೆ ಮರಳು ಬೀಳುವ ಹೊತ್ತಿಗೆ ನಿಕ್ಕಿ ಕಣ್ಣು ಬಿಡುತ್ತಾಳೆ. ಅದೇ ಕಂತಿನಲ್ಲಿ ಮುಖ್ಯ ಪಾತ್ರಗಳಲ್ಲೊಬ್ಬನಾದ ಸಾಯರ್ ‘ಯಾರು ಆ ನಿಕ್ಕಿ?’ ಎಂದು ಕೇಳುತ್ತಾನೆ, ನೋಡುಗರ ಬಾಯಿಯ ಮಾತೇ ಅದು. ಬಿಡಿ ಕಂತಾಗಿ ಸೊಗಸಾಗಿದೆ, ತಪ್ಪಿಸಬೇಡಿ. ಆದರೆ ಇಬ್ಬರನ್ನು ತೆಗೆದ ಮಾತ್ರಕ್ಕೆ ಧಾರಾವಾಹಿಯ ಕಾಯಿಲೆ ವಾಸಿಯಾಗಲಿಲ್ಲ.

ಕಥೆಯನ್ನು ಎಷ್ಟು ವರ್ಷ ಓಡಿಸಬೇಕು ಎನ್ನುವುದು ಬರೆಯುವವರಿಗೇ ಗೊತ್ತಿರಲಿಲ್ಲ. ಇವತ್ತು ರಹಸ್ಯ ಬಿಚ್ಚಿದರೆ ನಾಳೆಗೆ ಸರಕಿಲ್ಲ. ಹಾಗಾಗಿ ಮೂರನೇ ಸೀಸನ್ನಿನ ಮೊದಲ ಆರು ಕಂತುಗಳಲ್ಲಿ ಮುಖ್ಯ ಪಾತ್ರಗಳಾದ ಕೇಟ್, ಸಾಯರ್ ದ್ವೀಪದ ಎದುರಾಳಿ ಗುಂಪಿನ ಬೋನಿನಲ್ಲೇ ಕೊಳೆಯುತ್ತಾರೆ. 9ನೇ ಕಂತಿನ ಫ್ಲ್ಯಾಶ್‌ಬ್ಯಾಕ್ ಎಲ್ಲ ನಾಯಕ ಜ್ಯಾಕ್‌ನ ಹಚ್ಚೆ ಎಲ್ಲಿಂದ ಬಂತು ಎಂದು ಹೇಳುವುದರಲ್ಲೇ ಕಳೆದುಹೋಗುತ್ತದೆ. ‘ಸುಮ್ಮನೆ ಎಳೀತಿದ್ದಾರೆ’ ಎಂದು ನಮ್ಮ ಸಂಜೆಯ ಧಾರಾವಾಹಿಗಳ ಬಗ್ಗೆ ಮನೆಮನೆಯಲ್ಲಿ ಹೇಳುವ ದೂರು ಇಲ್ಲಿಯೂ ಅಷ್ಟೇ ನಿಜವಾಗಿತ್ತು. ಇದಕ್ಕೆ ಮದ್ದು ಹುಡುಕಿದವರು ಬರಹಗಾರರೇ. ಡೇಮನ್ ಲಿಂಡೆಲೋಫ್, ಕಾರ್ಲ್‌ಟನ್ ಕ್ಯೂಸ್ ಇಬ್ಬರೂ ಧಾರಾವಾಹಿ ಪ್ರಸಾರ ಮಾಡುತ್ತಿದ್ದ ಎಬಿಸಿ ವಾಹಿನಿಯನ್ನು ಒಪ್ಪಿಸಿದರು: ಇನ್ನು 48 ಕಂತು ಮಾತ್ರ, 2010ಕ್ಕೆ ಮುಕ್ತಾಯ. 2007ರ ಮೇ ತಿಂಗಳಲ್ಲಿ ಇದನ್ನು ಪ್ರಕಟಿಸಿದರು. ಅದೇ ತಿಂಗಳು ಬಂದ ಸೀಸನ್ನಿನ ಕೊನೆಯ ಕಂತಿನಲ್ಲಿ, ನಾವು ಹಳೆಯದೆಂದು ನೋಡುತ್ತಿದ್ದದ್ದು ದ್ವೀಪದಿಂದ ಹೊರಬಿದ್ದ ಮೇಲಿನ ಕಥೆ ಎಂದು ಗೊತ್ತಾಗಿ ಎದೆ ಝಲ್ಲೆನ್ನುತ್ತದೆ. ನಾಲ್ಕನೇ ಸೀಸನ್ನಿಗೆ ಹಾಲಿವುಡ್ ಬರಹಗಾರರ ಮುಷ್ಕರದ ಪೆಟ್ಟು ಬಿದ್ದರೂ ಕಥೆಯ ಬಿಗಿ ಎದ್ದು ಕಾಣುತ್ತದೆ.

ಬಿಟ್ಟಲ್ಲಿಂದ ಮತ್ತೆ ಹಿಡಿಯುವವರು ಆ ಆರು ಕಂತುಗಳನ್ನು ಎರಡು ಮೂರು ದಿನದಲ್ಲಿ ಮುಗಿಸಿ. ಮೊದಲು ಪ್ರಸಾರವಾದಾಗ ಆರರ ನಂತರ ಹೆಚ್ಚುಕಡಿಮೆ ಮೂರು ತಿಂಗಳು ಬಿಡುವು ಕೊಟ್ಟಿದ್ದರು, ಆಗಿನ ಸಿಟ್ಟಿಗೆ ಅದೂ ಒಂದು ಕಾರಣ. 9ನೆಯದನ್ನು ಬಿಟ್ಟರೆ ನಷ್ಟವಿಲ್ಲ. ಆರನೇ ಸೀಸನ್ನಿಗೆ ಹೋಗುವಾಗ ಎಲ್ಲ ಪ್ರಶ್ನೆಗೂ ಉತ್ತರ ಸಿಗುತ್ತದೆ ಎಂದು ಎಣಿಸಬೇಡಿ. ಅಲ್ಲಿ ಪಾತ್ರಗಳ ಲೆಕ್ಕ ಚುಕ್ತಾ ಆಗುತ್ತದೆ, ದ್ವೀಪದ ಲೆಕ್ಕ ಬಾಕಿ ಉಳಿಯುತ್ತದೆ.